ಮಸಿ ಮುಚ್ಚಿಟ್ಟ ಪಿಸ್ತೂಲು

ರಾಜ್ಯ ಶೂಟಿಂಗ್ ತಂಡದ ಆಯ್ಕೆಗೆ ಒಂದೇ ದಿನ ಉಳಿದಿರುವಾಗ ದೇಚಮ್ಮನ ಪಿಸ್ತೂಲು ಅಭ್ಯಾಸದಲ್ಲಿ ಮೂರನೆಯ ಸಲ ಕೈಕೊಟ್ಟಿತು.

"ನಿನ್ನ ಮದ್ದು ಕೆಟ್ಟಿದೆ," ಎಂದು ಅದು ಸಿಡಿಯದ ಕಾಡತೂಸನ್ನು ಗದರಿತು.

"ಮದ್ದಿಗೆ ಕಿಡಿ ಹೊತ್ತಿಸಬೇಕಾದ ನಿನ್ನ ಸೂಜಿ ನನ್ನ ಬುಡದ ಅಂಚಿಗೆ ಸರಿಯಾಗಿ ಬಡಿಯಲೇ ಇಲ್ಲ," ಎಂದಿತು ಕಾಡತೂಸು.

ದೇಚಮ್ಮ ಅದೇ ಕಾಡತೂಸನ್ನು ತರಬೇತಿ ಕೊಡುವ ಪೊನ್ನಮ್ಮನ ಪಿಸ್ತೂಲಿಗೆ ತುಂಬಿ ಹಾರಿಸಿದಳು. ಗುಂಡು ನೇರ ಗುರಿಯ ನಡುವಿಗೆ ಹೋಯಿತು. ತನ್ನದನ್ನು ಬಿಚ್ಚಿ ನೋಡಿದರೆ ಸೂಜಿಯ ಸುತ್ತ ಮಸಿ ಗಟ್ಟಿಕಟ್ಟಿತ್ತು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು.

"ಹೇಳಿದರೆ ಮೂಲೆಗೆ ಹಾಕುತ್ತೀರೆಂದು ಹೆದರಿದೆ," ಎಂದಿತು ಪಿಸ್ತೂಲು.

"ಹೇಳಿದ್ದರೆ ಹತ್ತು ನಿಮಿಷದಲ್ಲಿ ಒರೆಸಿ ಎಣ್ಣೆ ಹಾಕುತ್ತಿದ್ದೆ. ಈಗ ನಿನ್ನನ್ನು ಮತ್ತೆ ನಂಬುವುದಕ್ಕೆ ಎಷ್ಟು ದಿನ ಬೇಕೋ," ಎಂದು ಅವಳು ಅದನ್ನು ಚೊಕ್ಕ ಮಾಡಿ ಪೆಟ್ಟಿಗೆಯಲ್ಲಿಟ್ಟಳು. ಮರುದಿನ ಪೊನ್ನಮ್ಮನ ಪಿಸ್ತೂಲು ಹಿಡಿದು ಆಯ್ಕೆಗೆ ಹೋದಳು.