ತಾನಾಗಿಯೇ ಎಚ್ಚರಗೊಂಡ ಲ್ಯಾಪ್‌ಟಾಪ್

ಗದಗ ಸೀಮೆಯ ಒಂದು ಹೈಸ್ಕೂಲಿನಲ್ಲಿ ಇಂದುಮತಿ ಎಂಬ ಮುಖ್ಯೋಪಾಧ್ಯಾಯಿನಿ ಇದ್ದರು. ಬಹಳ ಶಿಸ್ತಿನವರು. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಗಳನ್ನು ಆಫೀಸಿನಲ್ಲಿ ತಾವೇ ಕೂತು ಲ್ಯಾಪ್‌ಟಾಪಿನಲ್ಲಿ ಸಿದ್ಧ ಮಾಡುತ್ತಿದ್ದರು. ಊಟಕ್ಕೆ ಏಳುವಾಗ ಅದನ್ನು ಹೈಬರ್ನೇಟ್‌ಗೆ ಹಾಕುತ್ತಿದ್ದರು. ಹಾಗೆ ಹಾಕಿದರೆ ಯಂತ್ರವು ಅರ್ಧ ಆದ ಕೆಲಸವನ್ನು ಹಾಗೆಯೇ ಉಳಿಸಿಕೊಂಡು ಗಾಢನಿದ್ದೆಗೆ ಹೋಗುತ್ತದೆ. ಗುಂಡಿ ಒತ್ತಿದರೆ ಮತ್ತೆ ಏಳುತ್ತದೆ. ಪಾಸ್‌ವರ್ಡ್ ಇಟ್ಟಿರಲಿಲ್ಲ. ಬಾಗಿಲಿಗೆ ಬೀಗ ಇದೆಯಲ್ಲ, ಸಾಕು ಎಂದುಕೊಂಡಿದ್ದರು.

ಒಂದು ದಿನ ಊಟ ಮುಗಿಸಿ ಬಂದು ಬೀಗ ತೆಗೆದರೆ ಲ್ಯಾಪ್‌ಟಾಪ್ ಎದ್ದು ಕೂತಿತ್ತು! ಪರದೆಯ ಮೇಲೆ ವಿಜ್ಞಾನದ ಪ್ರಶ್ನೆಪತ್ರಿಕೆ. ಮರುದಿನವೂ ಹಾಗೆಯೇ.

ಆಫೀಸಿನ ಇನ್ನೊಂದು ಕೀಲಿಕೈ ಇದ್ದದ್ದು ಹಿರಿಯ ಶಿಕ್ಷಕ ಫಕ್ಕೀರಪ್ಪನವರ ಬಳಿ. ಅವರ ಮಗಳು ಶ್ರಾವಣಿ ಅದೇ ಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದಳು. ಇಂದುಮತಿಯವರಿಗೆ ಇಷ್ಟೇ ಸಾಕಾಯಿತು. ನೇರವಾಗಿ ಸ್ಟಾಫ್ ರೂಮಿಗೆ ನಡೆದರು. ಶಿಕ್ಷಕರೆಲ್ಲ ಅಲ್ಲೇ ಇದ್ದರು.

"ಫಕ್ಕೀರಪ್ಪ ಸರ್, ಆಫೀಸಿನ ಕೀಲಿ ಕೊಡ್ರಿ."

"ಯಾಕ್ರಿ ಮೇಡಂ?"

"ಮಗಳ ಮಾರ್ಕ್ಸ್ ಮ್ಯಾಲೆ ಆಸೆ ಇರ್ಬೇಕು. ಆದ್ರ ನನ್ನ ಲ್ಯಾಪ್‌ಟಾಪ್ ತಗದು ನೋಡೋವಷ್ಟು ಇರಬಾರದು."

ಫಕ್ಕೀರಪ್ಪನವರ ಮುಖ ಬಾಡಿತು. "ನಾ ಅದನ್ನ ಮುಟ್ಟಿಲ್ರಿ" ಎಂದಷ್ಟೇ ಹೇಳಿ ಕೀಲಿಯನ್ನು ಮೇಜಿನ ಮೇಲಿಟ್ಟರು.

ಆ ಮಾತು ಸಂಜೆಯೊಳಗೆ ತರಗತಿಗಳಿಗೂ ಹೋಯಿತು. ಶ್ರಾವಣಿಯ ಗೆಳತಿಯರು ಅವಳನ್ನು ಬಿಟ್ಟು ಸರಿದು ಕೂತರು. "ಪೇಪರ್ ಮನ್ಯಾಗ ಐತಿ, ಓದೋದು ಯಾಕ ಬೇಕು?" ಎಂದು ಹುಡುಗರು ಕಿಸಿಕಿಸಿ ನಕ್ಕರು. ಹುಡುಗಿ ಮನೆಯಲ್ಲಿ ಪುಸ್ತಕ ತೆರೆಯುವುದನ್ನೇ ಬಿಟ್ಟಳು. ಒಳ್ಳೆಯ ಅಂಕ ಬಂದರೂ ಕಳ್ಳಿ ಎನ್ನುತ್ತಾರೆ ಎಂಬ ಭಯ ಅವಳಿಗೆ.

ಇತ್ತ ಇಂದುಮತಿಯವರು ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಊಟಕ್ಕೂ ಹೊತ್ತೊಯ್ಯತೊಡಗಿದರು. ಬ್ಯಾಟರಿ ಏಕೋ ಬೇಗ ಖಾಲಿಯಾಗುತ್ತಿತ್ತು. ಹಳೆಯದಾಗಿರಬೇಕು ಎಂದುಕೊಂಡರು. ಒಂದು ದಿನ ಚೀಲ ಅವರ ತೊಡೆಯ ಮೇಲಿತ್ತು. ಊಟದ ನಡುವೆ ತೊಡೆ ಬಿಸಿಯಾಗತೊಡಗಿತು. ತೆಗೆದು ನೋಡಿದರೆ ಯಾರೂ ಮುಟ್ಟದೆಯೇ ಲ್ಯಾಪ್‌ಟಾಪ್ ಎದ್ದಿತ್ತು!

ಅವರ ಕೈಯಲ್ಲಿನ ತುತ್ತು ಬಾಯಿಗೆ ಹೋಗಲಿಲ್ಲ. ಕೂಡಲೇ ಕಂಪ್ಯೂಟರ್ ಶಿಕ್ಷಕಿ ರೇಷ್ಮಾ ಅವರನ್ನು ಕರೆಸಿದರು.

"ಒಮ್ಮೊಮ್ಮೆ ಮೌಸ್ ಅಲುಗಿದ್ರ, ಇಲ್ಲಾ ನೆಟ್ ವಯರಿನಿಂದ ಕರೆ ಬಂದ್ರ ಏಳ್ತದ್ರಿ. ಆದ್ರ ಚೀಲದಾಗ ಮೌಸ್ ಇಲ್ಲ, ನೆಟ್ ವಯರ್ರೂ ಇಲ್ಲ. ಹಂಗಾದ್ರ ಯಾರು ಎಬ್ಬಿಸಿದ್ರು ಅಂತ ಅದನ್ನೇ ಕೇಳೋಣ್ರಿ," ಎಂದು ರೇಷ್ಮಾ ಒಂದು ಸಾಲು ಟೈಪ್ ಮಾಡಿದರು.

ಯಂತ್ರ ಉತ್ತರ ಕೊಟ್ಟಿತು. ಎಬ್ಬಿಸಿದ್ದು ಒಂದು ಟೈಮರ್. ದಿನವೂ ಊಟದ ಹೊತ್ತಿಗೆ ಫೈಲುಗಳ ನಕಲು ತೆಗೆಯುವ ಬ್ಯಾಕಪ್ಪಿಗೆ ಇಟ್ಟದ್ದು. 'ನಿದ್ದೆಯಲ್ಲಿದ್ದರೂ ಎಬ್ಬಿಸು' ಎಂಬಲ್ಲಿ ಗುರುತು ಹಾಕಲಾಗಿತ್ತು.

"ಇದನ್ನ ಇಟ್ಟವರು ಯಾರ್ರಿ ಮೇಡಂ?"

"ನಾನೇ," ಎಂದರು ಇಂದುಮತಿ. ಪ್ರಶ್ನೆಪತ್ರಿಕೆ ಅಳಿಸಿಹೋದೀತೆಂದು ಹೆದರಿ, ಪೂರ್ತಿ ಓದದೆ ಎಲ್ಲಕ್ಕೂ ಒಪ್ಪಿಗೆ ಒತ್ತಿದ್ದರು.

ರೇಷ್ಮಾ ಆ ಗುರುತು ತೆಗೆದು ಪಾಸ್‌ವರ್ಡ್ ಹಾಕಿಕೊಟ್ಟರು. ಮರುದಿನ ಲ್ಯಾಪ್‌ಟಾಪ್ ತಣ್ಣಗೆ ಮಲಗಿತ್ತು. ಇಂದುಮತಿಯವರಿಗೆ ಮಾತ್ರ ಸಮಾಧಾನವಿರಲಿಲ್ಲ. ಫಕ್ಕೀರಪ್ಪನವರನ್ನು ಆಫೀಸಿಗೆ ಕರೆದು, ಬಾಗಿಲು ಹಾಕಿ, ನಡೆದದ್ದನ್ನೆಲ್ಲ ಹೇಳಿದರು.

"ನಂದು ತಪ್ಪಾತ್ರಿ ಸರ್. ಕ್ಷಮಿಸ್ರಿ."

ಫಕ್ಕೀರಪ್ಪ ಮುಚ್ಚಿದ ಬಾಗಿಲ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅವತ್ತ ಬಾಗಲಾ ಹಾಕಿ ಹೇಳಿದ್ರೇನ್ರಿ ಮೇಡಂ?"

ಇಂದುಮತಿಯವರು ತಲೆ ತಗ್ಗಿಸಿದರು.

ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮೈಕ್ ಹಿಡಿದು ಎಲ್ಲ ಮಕ್ಕಳ, ಎಲ್ಲ ಶಿಕ್ಷಕರ ಮುಂದೆ ನಿಂತರು. "ಫಕ್ಕೀರಪ್ಪ ಸರ್ ಯಾವ ತಪ್ಪೂ ಮಾಡಿಲ್ಲ. ಅವರ ಮಗಳೂ ಮಾಡಿಲ್ಲ. ನಾನು ವಿಚಾರಿಸದೆ ಸಂಶಯಪಟ್ಟೆ. ತಪ್ಪು ನನ್ನದು," ಎಂದು ಕೈ ಮುಗಿದರು.

ಸಾಲಿನಲ್ಲಿ ನಿಂತಿದ್ದ ಶ್ರಾವಣಿ ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದ ಹುಡುಗಿ ಅವಳ ಕೈ ಹಿಡಿದುಕೊಂಡಳು.

ಮಕ್ಕಳು ತರಗತಿಗೆ ಹೋದ ಮೇಲೆ ಫಕ್ಕೀರಪ್ಪ ಇಂದುಮತಿಯವರ ಹತ್ತಿರ ಬಂದರು. "ಇವತ್ತ ನನ್ನ ಮಗಳು ಮನೀಗೆ ಹೋಗಿ ಪುಸ್ತಕ ಹಿಡೀತಾಳ್ರಿ ಮೇಡಂ. ನನಗ ಅಷ್ಟ ಸಾಕು," ಎಂದರು.

ನೀತಿ: ಮನುಷ್ಯರನ್ನು ಸಂಶಯಿಸುವ ಮೊದಲು ಕಾರಣವನ್ನು ಹುಡುಕಬೇಕು. ನಾಲ್ಕು ಜನರ ಮುಂದೆ ಹೊರಿಸಿದ ಅಪವಾದವನ್ನು ನಾಲ್ಕು ಜನರ ಮುಂದೆಯೇ ಇಳಿಸಬೇಕು.