ಅಲ್ಲಾಡದ ಅಂಕಿ

"ಗುರುಗಳೇ, ಮಗಳು ತೀರಿಕೊಂಡು ವರ್ಷವಾಯಿತು. ಮೊದಮೊದಲು ಮನಸ್ಸು ಹೊಯ್ದಾಡುತ್ತಿತ್ತು. ಈಗ ಯಾವುದಕ್ಕೂ ಅಲ್ಲಾಡುವುದಿಲ್ಲ. ಇದು ಶಾಂತಿಯೇ ಅಲ್ಲವೇ? ಹಾಗಿದ್ದರೆ ನನ್ನನ್ನು ಮಠದಲ್ಲೇ ಇರಿಸಿಕೊಳ್ಳಿ" ಎಂದು ದುಗ್ಗಪ್ಪ ಕೇಳಿದ. ಈ ಮಾತನ್ನು ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಗುರುಗಳು ಹೂಂ ಎಂದರೆ ಅವನು ಮನೆಗೆ ಮರಳುವವನಲ್ಲ.

ಗುರುಗಳು ಪೂರ್ವಾಶ್ರಮದಲ್ಲಿ ವೈರ್‌ಲೆಸ್ ಯಂತ್ರಗಳ ಕೆಲಸ ಮಾಡಿದವರು. ಅವರು ಒಂದು ಕತೆ ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಸಮುದ್ರಕ್ಕೆ ಹೋದ ದೋಣಿಗಳಿಗೆ ಗಾಳಿಮಳೆಯ ಸುದ್ದಿ ಕಳಿಸುವ ವೈರ್‌ಲೆಸ್ ಅವನ ವಶದಲ್ಲಿತ್ತು. ಅದರ ಬಲ ಅಳೆಯಲು ಒಂದು ಉಪಕರಣ. ಉಪಕರಣದ ಪರದೆಯ ಮೇಲೆ ಎರಡು ಗೆರೆ. ನೀಲಿಯದು ಯಂತ್ರ ಹೊಸದಾಗಿದ್ದಾಗ ಹಿಡಿದಿಟ್ಟದ್ದು; ಹೋಲಿಸಿ ನೋಡಲೆಂದು ಇಟ್ಟದ್ದು, ಎಂದೂ ಬದಲಾಗದು. ಹಳದಿಯದು ಈ ಗಳಿಗೆಯ ಗೆರೆ. ಮಾರ್ಕರ್ ಎಂಬ ಚಿಕ್ಕ ಗುರುತು ಯಾವ ಗೆರೆಯ ಮೇಲೆ ಕೂತಿದೆಯೋ ಆ ಗೆರೆಯ ಅಳತೆ ಪರದೆಯ ಮೂಲೆಯಲ್ಲಿ ಅಂಕಿಯಾಗಿ ಕಾಣುತ್ತದೆ. ಮೆಕ್ಯಾನಿಕ್ ದಿನವೂ ಬೆಳಿಗ್ಗೆ ಆ ಅಂಕಿಯನ್ನು ಓದುತ್ತಿದ್ದ.

ಒಂದು ದಿನ, ಎಲ್ಲ ದಿನಗಳಂಥದೇ ದಿನ, ಧೂಳು ಒರೆಸುವಾಗ ಗುಂಡಿಯೊಂದು ಒತ್ತಿಹೋಯಿತು. ಮಾರ್ಕರ್ ಹಳದಿಯಿಂದ ನೀಲಿಗೆ ಹಾರಿತು. ಅವನು ಗಮನಿಸಲಿಲ್ಲ. ಮೊದಲು ಅಂಕಿ ಸ್ವಲ್ಪ ಆಚೀಚೆ ಆಡುತ್ತಿತ್ತು, ಅಂದಿನಿಂದ ನಿಂತುಬಿಟ್ಟಿತು. ಯಂತ್ರ ಹದಕ್ಕೆ ಬಂತು ಎಂದು ಅವನಿಗೆ ಸಮಾಧಾನವಾಯಿತು. ಗೆರೆಗಳನ್ನು ನೋಡುವುದನ್ನೇ ಬಿಟ್ಟ.

ಮಳೆಗಾಲ ಕಳೆದ ಮೇಲೆ ದೋಣಿ ನಡೆಸುವ ತಂಡೇಲನೊಬ್ಬ ಬಂದು ಜಗಳ ತೆಗೆದ.

"ಏನು ಮಾರಾಯಾ, ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡ್ತೀಯಾ? ದಡ ಮರೆಯಾದರೆ ನಿನ್ನ ಒಂದು ಮಾತೂ ಕೇಳುವುದಿಲ್ಲ."

"ನಿನ್ನ ಕಿವಿಗೆ ಎಣ್ಣೆ ಬಿಟ್ಟುಕೋ. ಇಲ್ಲಿ ನೋಡು, ಅಂಕಿ ಕೂದಲೆಳೆಯಷ್ಟೂ ಅಲ್ಲಾಡಿಲ್ಲ."

"ನಿನ್ನ ಅಂಕಿ ನನಗೆ ತಿಳಿಯುವುದಿಲ್ಲ. ನನಗೆ ಕೇಳುವುದಿಲ್ಲ, ಅಷ್ಟೇ" ಎಂದು ತಂಡೇಲ ಹೊರಟುಹೋದ.

ಆ ಜಗಳವಾದ ಹನ್ನೆರಡನೆಯ ದಿನ ಬಿರುಗಾಳಿಯ ಸುದ್ದಿ ಬಂತು. ಮೆಕ್ಯಾನಿಕ್ ವೈರ್‌ಲೆಸ್ಸಿನಲ್ಲಿ ಗಂಟಲು ಹರಿಯುವಂತೆ ಕೂಗಿದ. ದಡದ ಹತ್ತಿರವಿದ್ದ ದೋಣಿಗಳು ಮರಳಿದವು. ಆ ತಂಡೇಲನ ದೋಣಿ ಮರಳಲಿಲ್ಲ.

ಆಗ ಮೆಕ್ಯಾನಿಕ್ ಪರದೆಯ ಮುಂದೆ ಕೂತು ಗೆರೆಗಳನ್ನು ನೋಡಿದ. ವೈರ್‌ಲೆಸ್ ಕಂಬದ ಕೇಬಲ್ಲಿಗೆ ಮಳೆನೀರಿಳಿದು ಹಳದಿ ಗೆರೆ ತಳಕ್ಕೆ ಬಿದ್ದಿತ್ತು. ಬಿದ್ದು ಬಹಳ ದಿನವಾಗಿತ್ತು. ಮಾರ್ಕರ್ ನೀಲಿಯ ಮೇಲಿತ್ತು. ಅಂಕಿ ಆಗಲೂ ಅದೇ.

ಗುರುಗಳು ಕತೆ ನಿಲ್ಲಿಸಿದರು. ತನ್ನ ಪ್ರಶ್ನೆಗೆ ಉತ್ತರ ಬಂದೀತೆಂದು ದುಗ್ಗಪ್ಪ ಕಾದ.

"ಮನೆಯಲ್ಲಿ ನಿನ್ನ ಹೆಂಡತಿ ಇವತ್ತು ಊಟ ಮಾಡಿದ್ದಾಳೆಯೇ?" ಎಂದು ಗುರುಗಳು ಕೇಳಿದರು.

ದುಗ್ಗಪ್ಪನಿಗೆ ಗೊತ್ತಿರಲಿಲ್ಲ.