ಪಲ್ಲಕ್ಕಿ ಇದ್ದದ್ದೆಲ್ಲಿ?

"ಈ ಊರಿನ ಧೂಳಿಗೆ ನನ್ನ ಪಾದದ ಪರಿಚಯವೇ ಇಲ್ಲ, ಪ್ರಭು!"

ಕೆಂಗೋಟೆಯ ಒಡ್ಡೋಲಗದಲ್ಲಿ ಸರದಾರ ಭುಜಬಲಯ್ಯ ಮೀಸೆ ತಿರುವಿದ. "ಮನೆ ಮೆಟ್ಟಿಲಲ್ಲಿ ಪಲ್ಲಕ್ಕಿ ಏರಿದರೆ ಇಳಿಯುವುದು ಅರಮನೆ ಮೆಟ್ಟಿಲಲ್ಲೇ. ನಾನು ಎರಡು ಸಲ ಚಪ್ಪಾಳೆ ತಟ್ಟದೆ ಹೊರುವವರು ಇಳಿಸುವ ಹಾಗಿಲ್ಲ. ಹನ್ನೆರಡು ವರ್ಷದಲ್ಲಿ ನಡುದಾರಿಯಲ್ಲಿ ಒಮ್ಮೆಯೂ ತಟ್ಟಿಲ್ಲ."

"ಇನ್ನೊಂದ್ಸಲ ಹೇಳಿ ಸರದಾರರೇ, ಹಿಂದೆ ಕೂತವರಿಗೆ ಕೇಳಿಸಲಿಲ್ಲ" ಎಂದ ಬಾಚಿಸೆಟ್ಟಿ. ಅರಮನೆಗೆ ಜವಳಿ ಒದಗಿಸುತ್ತಲೇ ಆಸ್ಥಾನದಲ್ಲಿ ಜಾಗ ಗಿಟ್ಟಿಸಿದ ವ್ಯಾಪಾರಿ ಅವನು.

ಸರದಾರ ಇನ್ನೂ ಜೋರಾಗಿ ಹೇಳಿದ. ಸೆಟ್ಟಿ ತಲೆಯಾಡಿಸಿದ.

ಅಂದು ಒಂದು ಕೊಲೆಯ ಮೇಲ್ಮನವಿ ಇತ್ತು. ಸುಂಕದ ಕಟ್ಟೆಯ ದಾರಿಯಲ್ಲಿ ಸುಂಕದವನೊಬ್ಬ ಕಠಾರಿ ಇರಿತಕ್ಕೆ ಸತ್ತಿದ್ದ. ಸರದಾರನ ಪಲ್ಲಕ್ಕಿ ಹೊರುವ ನಾಲ್ವರೇ ಕೊಂದರೆಂದು ಕೊತ್ವಾಲ ತೀರ್ಪು ಕೊಟ್ಟಿದ್ದ. ಸಾಕ್ಷಿ ಸರದಾರನೊಬ್ಬನೇ. ಮರುದಿನ ನಾಲ್ವರಿಗೂ ಗಲ್ಲು.

"ಗಾಯ ಒಂದೇ, ಕಠಾರಿ ಒಂದೇ. ಗಲ್ಲು ಮಾತ್ರ ಯಾಕೆ ನಾಲ್ಕು?" ರಾಜ ಕೇಳಿದ.

"ಇರಿದವನೂ ಒಂದೇ, ಹಿಡಿದುಕೊಂಡವನೂ ಒಂದೇ, ಹೇಳಿ ಮಾಡಿಸಿದವನೂ ಒಂದೇ, ಮಹಾಸ್ವಾಮಿ. ಅದು ನನ್ನ ಕಾನೂನು" ಎಂದ ಕೊತ್ವಾಲ.

ಹೊರುವವರಲ್ಲಿ ಹಿರಿಯ ದುರುಗಪ್ಪ ಕೈಮುಗಿದ. "ನಾವು ಕೊಂದಿಲ್ಲ ಬುದ್ಧೀ. ನಡೆದದ್ದು ಹೇಳಿದ್ವಿ. ಧಣಿಯ ಮೇಲೆ ಆಳಿನ ಮಾತು ನಡೆಯಲ್ಲ ಅಂದುಬಿಟ್ರು."

ರಾಜನಿಗೆ ಹಸಿವಾಗಿತ್ತು. "ಸೆಟ್ಟಿ, ಇವರ ಪರ ನೀನು ತಾನೇ? ನಾಲ್ಕು ಮನವಿ ಕೇಳುತ್ತ ಕೂರಲಾರೆ. ಒಂದೇ ಒಂದು ಪ್ರಶ್ನೆ ಕೇಳು. ಅದರಲ್ಲೇ ನಾಲ್ವರೂ ಬಿಡುಗಡೆಯಾಗಬೇಕು. ಆಗದಿದ್ದರೆ ಅವರಿಗೆ ಗಲ್ಲು, ನಿನಗೆ ಗಡೀಪಾರು."

"ಒಂದು ಧಾರಾಳವಾಯಿತು, ಪ್ರಭು." ಸೆಟ್ಟಿ ಸರದಾರನತ್ತ ತಿರುಗಿದ. "ಸುಂಕದವನನ್ನು ಇರಿದಾಗ ಪಲ್ಲಕ್ಕಿ ನೆಲದ ಮೇಲಿತ್ತೋ, ಹೆಗಲ ಮೇಲಿತ್ತೋ?"

"ಇದೂ ಒಂದು ಪ್ರಶ್ನೆಯೇ? ನೆಲದ ಮೇಲೆ! ಇಳಿಸಿಯೇ ಅವನ ಮೇಲೆ ಬಿದ್ದರು ಈ ಕಳ್ಳರು."

"ಕೊತ್ವಾಲರೇ, ಇನ್ನೊಂದು ಹಗ್ಗ ತರಿಸಿ. ಸರದಾರರು ಚಪ್ಪಾಳೆ ತಟ್ಟದೆ ಪಲ್ಲಕ್ಕಿ ಇಳಿಯುವುದಿಲ್ಲವಂತೆ. ತಟ್ಟಿ ಇಳಿಸಿ, ಆಳುಗಳಿಂದ ಕೊಲ್ಲಿಸಿದ್ದಾರೆ. ನಿಮ್ಮ ಕಾನೂನಿನಂತೆ ಇವರು ಐದನೆಯವರು."

"ಏಯ್! ನಾನು ತಟ್ಟಲಿಲ್ಲ!"

"ಹೇಳದೆ ಕೇಳದೆ ಇಳಿಸುವ ಹಾಗಿಲ್ಲವಲ್ಲ. ಹನ್ನೆರಡು ವರ್ಷದ ಮಾತು ಎರಡು ಸಲ ಹೇಳಿದಿರಿ, ಕೊನೇ ಸಾಲಿನವರಿಗೂ ಕೇಳಿಸಿದೆ."

ಸರದಾರ ರಾಜನ ಮುಖ ನೋಡಿದ. ಕೊತ್ವಾಲ ಆಗಲೇ ಹಗ್ಗಕ್ಕೆ ಹೇಳಿಕಳಿಸುತ್ತಿದ್ದ.

"ಇಳಿಸಲಿಲ್ಲ, ಪ್ರಭು! ನೆನಪಾಯಿತು. ಪಲ್ಲಕ್ಕಿ ಹೆಗಲ ಮೇಲೇ ಇತ್ತು. ಆಣೆ ಮಾಡುತ್ತೇನೆ!"

"ಇದು ನಿಜ," ಎಂದ ಸೆಟ್ಟಿ. "ದುರುಗಪ್ಪ, ಪಲ್ಲಕ್ಕಿ ಹೊತ್ತಾಗ ನಿಮ್ಮ ಕೈ ಹೇಗಿರುತ್ತೆ, ತೋರಿಸಪ್ಪ."

ನಾಲ್ವರೂ ಸಾಲಾಗಿ ನಿಂತರು. ಒಂದು ಕೈ ಹೆಗಲ ದಂಡಿಗೆಗೆ, ಇನ್ನೊಂದು ಊರುಗೋಲಿಗೆ.

"ನೋಡಿ ಪ್ರಭು, ಎಂಟು ಕೈಗೂ ಕೆಲಸವಿತ್ತು. ಇವರು ಮೊದಲೇ ಹೇಳಿದ ಹಾಗೆ, ಆ ಪಾಪದ ಸುಂಕದವನು ತಪಾಸಣೆಗೆಂದು ಪಲ್ಲಕ್ಕಿಯ ಪರದೆ ಸರಿಸಿದ. ಆ ಹೊತ್ತಿಗೆ ದಾರಿಯಲ್ಲಿ ಕೆಲಸವಿಲ್ಲದೆ ಖಾಲಿ ಇದ್ದದ್ದು ಎರಡೇ ಕೈ. ಚಪ್ಪಾಳೆಯನ್ನೂ ತಟ್ಟದ ಕೈ."

ಸರದಾರನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

ರಾಜ ಹಸಿವು ಮರೆತು ನಕ್ಕ. "ನಾಲ್ವರನ್ನೂ ಬಿಡಿ. ಈ ಭೂಪನನ್ನು ಸೆರೆಮನೆಗೆ ಒಯ್ಯಿರಿ. ಸೆಟ್ಟಿ, ನಿನಗೇನು ಬೇಕು ಕೇಳು."

"ಆ ಪಲ್ಲಕ್ಕಿ ಕೊಡಿಸಿ, ಪ್ರಭು. ಸುಂಕದವನ ಹೆಂಡತಿ ಹೊರಗೆ ಕೂತಿದ್ದಾಳೆ, ಮನೆಗೆ ಕಳಿಸಬೇಕು."

"ನಾನು ಸೆರೆಮನೆಗೆ ಹೋಗುವುದು ಹೇಗೆ?" ಸರದಾರ ಚೀರಿದ.

ಬಾಚಿಸೆಟ್ಟಿ ಬಾಗಿಲತ್ತ ಕೈ ತೋರಿದ. "ನಡೆದು, ಸರದಾರರೇ. ಊರಿನ ಧೂಳು ಪರಿಚಯಕ್ಕೆ ಕಾಯ್ತಾ ಇದೆ."